ಗಾಡಿ ನಿಲ್ಲುವ ಜಾಗ

ನವೆಂಬರ್ 4, ಮಂಗಳವಾರ

ಇವತ್ತು ನಿರ್ಧಾರ ಮಾಡಿಬಿಟ್ಟೆ. ಕಾರು ಕೊಳ್ಳುವುದು, ಅದೂ ಕರೆಂಟಿನ ಕಾರು. ಇದೇ ನಿರ್ಧಾರವನ್ನು ದಸರೆಯಲ್ಲೂ ಮಾಡಿದ್ದೆ, ದೀಪಾವಳಿಯಲ್ಲೂ ಮಾಡಿದ್ದೆ ಎಂದು ಸುನಿತಾ ನೆನಪು ಮಾಡಿದಳು. ಹೆಂಡತಿಯರಿಗೆ ಬೇಡವಾದದ್ದೆಲ್ಲ ನೆನಪಿರುತ್ತದೆ.

ನಮ್ಮ ಓಡಾಟವಾದರೂ ಎಷ್ಟು? ಮನೆಯಿಂದ ನನ್ನ ಭಾಂಡೆ ಅಂಗಡಿಗೆ ಒಂದೂವರೆ ಕಿಲೋಮೀಟರು. ಮಗಳ ಶಾಲೆಗೆ ಮೂರು. ಹೊಲಕ್ಕೆ ಆರು. ಸುರಪುರದಲ್ಲಿ ಸುನಿತಾಳ ತವರು, ಹೋಗಿ ಬಂದರೆ ಐವತ್ತು, ಅದೂ ತಿಂಗಳಿಗೊಮ್ಮೆ. ಯಾದಗಿರಿಗೆ ಹೋಗಿ ಬಂದರೆ ಎಪ್ಪತ್ತರ ಮೇಲೆ. ಇಷ್ಟಕ್ಕೆ ಡೀಸೆಲ್ ಗಾಡಿ ಯಾಕೆ? ಶಹಾಪುರದಲ್ಲಿ ಪಾತ್ರೆ ಮಾರುವವನು ಮುಂಬೈಗೆ ಹೋಗಿ ಬರುವ ಗಾಡಿ ಇಟ್ಟುಕೊಂಡು ಏನು ಮಾಡಬೇಕು?

ಅವಸರ ಇರುವುದು ಅವ್ವನಿಗಾಗಿ. ಎಪ್ಪತ್ತೆಂಟು ವಯಸ್ಸು, ಎರಡೂ ಕಣ್ಣಿಗೆ ಪೊರೆ. ಸ್ಕೂಟರಿನ ಹಿಂದೆ ಕೂರಲಾರಳು, ಬಸ್ಸಿಗೆ ಹತ್ತಿಸಲು ಇಬ್ಬರು ಬೇಕು. ಆಪರೇಷನ್ ಮಾಡಿಸಿ ಎಂದು ಯಾದಗಿರಿಯ ಡಾಕ್ಟರು ಹೋದ ವರ್ಷವೇ ಹೇಳಿದ್ದರು. ಮೊದಲು ಒಂದು ಕಣ್ಣು, ಮರುದಿನ ತೋರಿಸುವುದು, ವಾರಕ್ಕೆ ತೋರಿಸುವುದು, ಆರು ವಾರ ಹನಿ ಹಾಕುವುದು, ಆಮೇಲೆ ಇನ್ನೊಂದು ಕಣ್ಣು. ಕಾರೊಂದು ಬಂದರೆ ಯಾರ ಹಂಗೂ ಇಲ್ಲ.

ಯಾರ ಹಂಗು ಅಂದರೆ ಮುಂದಿನ ಮನೆಯವನ ಹಂಗು. ಅವನು ನನ್ನ ಒಡಹುಟ್ಟಿದವನೇ, ನನಗಿಂತ ಎಂಟು ವರ್ಷ ದೊಡ್ಡವನು. ಆರು ವರ್ಷದಿಂದ ಮಾತಿಲ್ಲ. ಅಪ್ಪನ ಮನೆಯನ್ನು ಎರಡು ಮಾಡಿ ನಡುವೆ ಗೋಡೆ ಹಾಕಿಕೊಂಡಿದ್ದೇವೆ. ಅವ್ವನನ್ನು ಹಾಗೆ ಎರಡು ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಅವಳಿಗೆ ಪಾಳಿ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಅಲ್ಲಿ, ಆಮೇಲೆ ಇಲ್ಲಿ. ಈಗ ಅವನ ಪಾಳಿ ನಡೆದಿದೆ. ನನ್ನ ಪಾಳಿಯಲ್ಲಿ ಆಪರೇಷನ್ ಮಾಡಿಸಿದರೆ ಹನಿ ಹಾಕುವುದು ಅವನ ಪಾಳಿಗೆ ಬೀಳುತ್ತದೆ. ಹಾಕುತ್ತಾನೋ ಬಿಡುತ್ತಾನೋ ಯಾರಿಗೆ ಗೊತ್ತು? ಹಾಕು ಎಂದು ಹೇಳಬೇಕಾದರೆ ಮಾತಾಡಬೇಕು. ಹೀಗೇ ಒಂದು ವರ್ಷ ಹೋಯಿತು. ಇದರಲ್ಲಿ ನನ್ನ ತಪ್ಪೇನೂ ಇಲ್ಲ.

ನವೆಂಬರ್ 9, ಭಾನುವಾರ

ಯಾದಗಿರಿಗೆ ಹೋಗಿ ಮೂರು ಗಾಡಿ ನೋಡಿ ಬಂದೆ. ಮೊದಲನೆಯದು ಚಿಕ್ಕದು, ಡಬ್ಬಿಯ ಹಾಗಿದೆ. ಒಮ್ಮೆ ಚಾರ್ಜ್ ಮಾಡಿದರೆ ಇನ್ನೂರ ಮೂವತ್ತು ಓಡುತ್ತದೆ ಎಂದು ಕಾಗದದಲ್ಲಿದೆ. ಎ.ಸಿ. ಹಾಕಿದರೆ ನೂರಾ ಐವತ್ತು ಹಿಡಿಯಿರಿ ಎಂದು ಗಾಡಿ ತೋರಿಸುತ್ತಿದ್ದ ಶೋರೂಮಿನ ಹಣಮೇಶನೇ ಮೆಲ್ಲಗೆ ಹೇಳಿದ. ಎರಡನೆಯದು ಉದ್ದ, ಡಿಕ್ಕಿ ದೊಡ್ಡದು, ನಾಲ್ಕು ನೂರು ಓಡುತ್ತದಂತೆ. ಮೂರನೆಯದು ಎತ್ತರ, ನಮ್ಮ ಕರಿಮಣ್ಣಿನ ಹೊಲದ ದಾರಿಗೆ ಒಳ್ಳೆಯದು, ಆದರೆ ಅವ್ವ ಹತ್ತಬೇಕಾದರೆ ಮಣೆ ಇಡಬೇಕು.

ನಲವತ್ತನಾಲ್ಕು ಡಿಗ್ರಿ ಬಿಸಿಲಿಗೆ ಬ್ಯಾಟರಿ ಏನಾಗುತ್ತದೆ ಎಂದು ಕೇಳಿದೆ. ಗಾಳಿಮಳೆಗೆ ಎರಡು ದಿನ ಕರೆಂಟು ಹೋದರೆ ಏನು ಮಾಡಬೇಕು ಎಂದು ಕೇಳಿದೆ. ಎಲ್ಲಕ್ಕೂ ಉತ್ತರ ಅವನ ಬಾಯಲ್ಲೇ ಇತ್ತು. ಆಮೇಲೆ ಅವನು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದ, ಮನೆಯಲ್ಲಿ ಗಾಡಿ ನಿಲ್ಲಿಸಿ ಚಾರ್ಜಿಗೆ ಹಾಕಲು ಜಾಗ ಇದೆಯೇ ಎಂದು.

ಇದೆ ಎಂದೆ. ಸುಳ್ಳು. ನನ್ನ ಬಾಗಿಲಿಗೆ ಬರುವ ಸಂದಿ ನಾಲ್ಕೂವರೆ ಅಡಿ ಅಗಲ. ಎದುರಿಗೆ ಎಮ್ಮೆ ಬಂದರೆ ಮನುಷ್ಯ ಗೋಡೆಗೆ ಅಂಟಿಕೊಂಡು ನಿಲ್ಲಬೇಕು.

ನವೆಂಬರ್ 13, ಗುರುವಾರ

ವೈರಿಂಗ್ ಮಾಡುವ ಅಬ್ದುಲ್ ಕರೀಮನನ್ನು ಕರೆಸಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ಸುನಿತಾ ನಕ್ಕಳು. ನಗಲಿ. ಕರೀಮ ಮೀಟರು ನೋಡಿದ, ಅರ್ಥಿಂಗ್ ಹೊಸದು ಮಾಡಬೇಕೆಂದ, ಟೇಪು ತೆಗೆದು ಸಂದಿ ಅಳೆದ. ಅಳತೆ ನನಗೆ ಗೊತ್ತಿತ್ತು, ಆದರೂ ಅಳೆಯುವಾಗ ಅರ್ಧ ಅಡಿಯಾದರೂ ಹೆಚ್ಚಾಗಬಹುದು ಅನ್ನಿಸಿ ನಿಂತು ನೋಡಿದೆ.

"ಸಾವಕಾರ್ರ, ವೈರ್ ಎಲ್ಲಿತನ ಬೇಕಾದ್ರೂ ಎಳೀತೀನ್ರಿ. ಗಾಡಿ ನಿಂದ್ರೋದು ಎಲ್ಲಿ, ಅದನ್ನ ಹೇಳ್ರಿ" ಅಂದ.

ಅಂಗಡಿಯ ಮುಂದೆ ಗಟಾರು, ಅಲ್ಲಿ ಆಗುವುದಿಲ್ಲ. ಯಾದಗಿರಿ ರಸ್ತೆಯಲ್ಲಿ ಚಾರ್ಜಿಂಗ್ ಪಾಯಿಂಟು ಇದೆ, ಅಲ್ಲಿ ತಾಸುಗಟ್ಟಲೆ ಕೂತರೆ ನನ್ನ ಅಂಗಡಿ ನೋಡುವವರು ಯಾರು? ಕರೀಮ ಎಲ್ಲವನ್ನೂ ಕೇಳಿ, ಟೇಪು ಮಡಚುತ್ತ, ಅಣ್ಣನವರ ಕೊಟ್ಟಿಗೆ ಖಾಲಿಯೇ ಇದೆಯಲ್ಲ ಎಂದ. ಮುಂದಿನ ಮನೆಯ ದೊಡ್ಡ ಬಾಗಿಲಿನ ಪಕ್ಕ, ಅಪ್ಪನ ಕಾಲದಲ್ಲಿ ಆರು ದನ ಕಟ್ಟುತ್ತಿದ್ದ ಕೊಟ್ಟಿಗೆ. ಈಗ ಅದರಲ್ಲಿ ತೊಗರಿಕಟ್ಟಿಗೆ ಮತ್ತು ಮುರಿದ ಬಂಡಿ ಬಿಟ್ಟರೆ ಏನಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಕರೀಮನಿಗೆ ಚಹಾ ಸಹ ಕೊಡಲಿಲ್ಲ. ಆಮೇಲೆ ಬೇಸರವಾಯಿತು. ಅವನದೇನು ತಪ್ಪು?

ನವೆಂಬರ್ 17, ಸೋಮವಾರ

ಬಿಳಿಯೋ ಬೂದಿಯೋ? ಬಿಳಿ ತಂಪಾಗಿರುತ್ತದೆ, ಬೂದಿಗೆ ಧೂಳು ಕಾಣುವುದಿಲ್ಲ.

ಅಂಗಡಿಯಲ್ಲಿ ಮೊಬೈಲು ನೋಡುತ್ತ ಮಸ್ತಾನಬಿಗೆ ಕುಕ್ಕರಿನ ಬೇರೆ ಮುಚ್ಚಳ ಕೊಟ್ಟೆ. ಆಕೆ ಈ ಮೊದಲೇ ಹನ್ನೆರಡು ಪಾತ್ರೆ ತಟ್ಟಿ ತಟ್ಟಿ ನೋಡಿ ನನ್ನ ತಲೆ ತಿಂದಿದ್ದಳು. ಒಂದು ಪಾತ್ರೆ ಆರಿಸಲು ಎಷ್ಟು ಹೊತ್ತು ಎಂದು ಬೈದಿದ್ದೆ. ಮುಚ್ಚಳ ತಿರುಗಿ ಕೊಡುವಾಗ, ನಿಮ್ಮ ಗಾಡಿ ಆರಿಸೋದು ಮುಗಿಯಿತೇ ಎಂದು ಕೇಳಿ ಹೋದಳು. ಊರಿಗೆಲ್ಲ ಗೊತ್ತಾಗಿದೆ.

ನವೆಂಬರ್ 20, ಗುರುವಾರ, ಅಮಾವಾಸ್ಯೆ

ಅವ್ವ ಬಂದಳು. ಪಾಳಿ ಬದಲಾಗುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ, ಯಾರೂ ಗೊತ್ತುಮಾಡಿದ್ದಲ್ಲ, ತಾನೇ ಆದದ್ದು. ಮುಂದಿನ ಮನೆಯವಳು, ಬಸವೇಶ್ವರಿ, ಅವ್ವನ ಟ್ರಂಕನ್ನು ಸಂದಿಯ ಬಾಯಿಯವರೆಗೆ ತಂದು ಇಟ್ಟು ತಿರುಗಿ ಹೋಗುತ್ತಾಳೆ. ಅಲ್ಲಿಂದ ಸುನಿತಾ ಎತ್ತಿಕೊಳ್ಳುತ್ತಾಳೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನಡುವೆ ಅವ್ವ ಗೋಡೆ ಹಿಡಿದು ಬರುತ್ತಾಳೆ.

ಹಿಂದಿನ ಪಾಳಿಯಲ್ಲಿ ಒಂದು ಕೈಯಿಂದ ಗೋಡೆ ಹಿಡಿಯುತ್ತಿದ್ದಳು. ಇವತ್ತು ಎರಡೂ ಕೈ ಗೋಡೆಯ ಮೇಲಿದ್ದವು. ಊಟಕ್ಕೆ ಕೂತಾಗ ಚರಿಗೆಯಿಂದ ನೀರನ್ನು ಲೋಟದ ಪಕ್ಕಕ್ಕೆ ಸುರಿದು, ಕೈಯಿಂದ ಮುಟ್ಟಿ ನೋಡಿ, ಸೆರಗಿನಿಂದ ಒರೆಸಿದಳು. ಯಾರೂ ನೋಡಲಿಲ್ಲ ಅಂದುಕೊಂಡಳು.

ನವೆಂಬರ್ 24, ಸೋಮವಾರ

ಬಸ್ಸಿನಲ್ಲಿ ಅವ್ವನನ್ನು ಕರೆದುಕೊಂಡು ಯಾದಗಿರಿಗೆ ಹೋಗಿದ್ದೆ. ಎಡಗಣ್ಣಿನ ಪೊರೆ ಬಲಿತು ಉಬ್ಬಿದೆ, ಒತ್ತಡ ಏರುತ್ತಿದೆ, ಈ ವಾರವೇ ಮಾಡಿಸಿ ಎಂದರು ಡಾಕ್ಟರು. ಬಲಗಣ್ಣು ಸ್ವಲ್ಪ ಕಾಯಬಹುದಂತೆ. ನೋವು ಬಂದರೆ ಒಂದು ತಾಸೂ ಕೂರಬೇಡಿ ಎಂದರು. ಕಾರು ಬರುವುದಿದೆ, ಬಂದ ಕೂಡಲೇ ಕರೆತರುತ್ತೇನೆ ಎಂದೆ. ಡಾಕ್ಟರು ನನ್ನನ್ನು ಒಂಥರಾ ನೋಡಿದರು.

ಭೀಮಾ ಹೊಳೆ ದಾಟುವಾಗ ನೀರಿಗೆ ನಾಣ್ಯ ಹಾಕುವುದು ಅವ್ವನ ರೂಢಿ. ಬರುವಾಗ ಕಿಟಕಿಯ ಪಕ್ಕ ನಾಣ್ಯ ಹಿಡಿದು ಕೂತು, ಹೊಳಿ ಬಂತೇನು, ಹೊಳಿ ಬಂತೇನು ಎಂದು ಕೇಳುತ್ತಿದ್ದಳು. ನಾನು ಮೊಬೈಲಿನಲ್ಲಿ ಎರಡನೆಯ ಗಾಡಿಯ ವಿಷಯ ಓದುತ್ತಿದ್ದೆ. ಸುಮ್ಮನೆ ಹ್ಞೂ ಅಂದೆ. ಅವಳು ನಾಣ್ಯವನ್ನು ಹಣೆಗೆ ಒತ್ತಿಕೊಂಡು ಎಸೆದಳು. ತಲೆಯೆತ್ತಿ ನೋಡಿದರೆ ಹತ್ತಿ ಹೊಲ. ಹೊಳೆ ದಾಟಿ ಆಗಲೇ ಎರಡು ಮೈಲಿ ಆಗಿತ್ತು.

ಅವಳಿಗೆ ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ.

ನವೆಂಬರ್ 27, ಗುರುವಾರ

ಈ ವಾರ ಅಂದರೆ ಈ ವಾರವೇ ಆಗಬೇಕೆಂದೇನಿಲ್ಲ. ಡಾಕ್ಟರುಗಳು ಹೆದರಿಸುವುದೇ ಹಾಗೆ. ಡಿಸೆಂಬರ್ ಎಂಟರ ಹೊತ್ತಿಗೆ ಗಾಡಿ ಬರುತ್ತದೆ, ನಾನೇ ಕರೆದುಕೊಂಡು ಹೋಗಿ ನಾನೇ ಕರೆತರುತ್ತೇನೆ. ಹಾಗೆಂದು ಸುನಿತಾಳಿಗೆ ಹೇಳಿದರೆ, ಇನ್ನೂ ಯಾವ ಗಾಡಿ ಅಂತಲೇ ಗೊತ್ತಿಲ್ಲ, ಅದು ಎಂಟಕ್ಕೆ ಎಲ್ಲಿಂದ ಬರುತ್ತದೆ ಎಂದಳು. ಬಾಡಿಗೆ ಗಾಡಿಯಲ್ಲಿ ಹೋಗಿ ಬನ್ನಿ ಎಂದಳು. ಸಂದಿ ಸಣ್ಣದು, ಗಾಡಿ ಬಾಗಿಲಿಗೆ ಬರುವುದಿಲ್ಲ, ಮೊದಲು ಜಾಗದ್ದು ಮುಗಿಯಲಿ ಎಂದೆ.

"ಕುಣೀಲಾರದಾಕಿ ನೆಲಾ ಡೊಂಕು ಅಂದಳಂತ" ಅಂದು ಎದ್ದು ಹೋದಳು.

ನವೆಂಬರ್ 30, ಭಾನುವಾರ

ಮನಸ್ಸಿಗೆ ನಿಲುಗಡೆ ಇಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತದೆ. ಮೇಲಿನ ಮಾಳಿಗೆಗೆ ಹೋಗಿ ಮುಂದಿನ ಮನೆಯ ಕೊಟ್ಟಿಗೆಯನ್ನು ನೋಡಿ ಬಂದೆ. ಹದಿನೆಂಟು ಅಡಿ ಉದ್ದ ಇದ್ದೀತು. ಮೂರು ಗಾಡಿಗಳಲ್ಲಿ ಯಾವುದಾದರೂ ಹಿಡಿಸುತ್ತದೆ.

ಅಪ್ಪ ಸತ್ತ ಮೇಲೆ ಮನೆ ಹಂಚಿದಾಗ ಹಿರಿಯರೆಲ್ಲ ಕೂತು ಹೇಳಿದ್ದು, ದೊಡ್ಡವನು ಹಂಚಲಿ, ಚಿಕ್ಕವನು ಆರಿಸಲಿ ಎಂದು. ಇದು ನಮ್ಮ ಕಡೆಯ ಪದ್ಧತಿ. ಹಂಚುವವನಿಗೆ ಯಾವುದು ತನಗೆ ಸಿಗುತ್ತದೆಂದು ಗೊತ್ತಿರದ ಕಾರಣ ಸರಿಯಾಗಿಯೇ ಹಂಚುತ್ತಾನೆ ಎಂಬ ಲೆಕ್ಕಾಚಾರ. ಅವನು ಹಗ್ಗ ಹಿಡಿದು ಹಂಚಿದ. ಮುಂದೆ ರಸ್ತೆ, ದೊಡ್ಡ ಬಾಗಿಲು, ಕೊಟ್ಟಿಗೆ, ಹಳೆಯ ಕೋಣೆಗಳು. ಹಿಂದೆ ಹೊಸ ಮಾಳಿಗೆ, ಅಡುಗೆಮನೆ, ಬೋರ್‌ವೆಲ್. ಮೂರು ದಿನ ಯೋಚನೆ ಮಾಡು ಎಂದ. ನಾನು ಮೂರು ದಿನ ಓಡಾಡಿ ಹಿಂದಿನದನ್ನು ಆರಿಸಿದೆ. ತಿಂಗಳೊಳಗೆ ಸಂದಿಯ ಕಷ್ಟ ತಿಳಿಯಿತು. ಮತ್ತೆ ಹಂಚು ಎಂದೆ. ಆಗಲ್ಲ ಎಂದ. ಹಿರಿಯರ ಮುಂದೆ, ಅವನ ಬೀಗರ ಮುಂದೆ, ಮೋಸಗಾರ ಎಂದೆ. ಮರುದಿನ ಅವನು ನಡುವಿನ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದ.

ಆರಿಸಿದ್ದು ನಾನೇ, ಸರಿ. ಆದರೆ ಹಂಚಿದವನು ಅವನು.

ಡಿಸೆಂಬರ್ 2, ಮಂಗಳವಾರ

ಚಿಕ್ಕದನ್ನೇ ಬುಕ್ ಮಾಡಿದೆ. ಬಿಳಿ. ಎರಡು ಮೂರು ವಾರ ಆಗುತ್ತದಂತೆ. ಬುಕ್ ಮಾಡಿದ ಅರ್ಧ ತಾಸಿಗೆ ಎರಡನೆಯದೇ ಸರಿಯಿತ್ತೇನೋ ಅನ್ನಿಸತೊಡಗಿತು. ಅವ್ವನಿಗೆ ಹೇಳಿದೆ. ಚಲೊ ಆತು, ನಿನ್ನ ಗಾಡಿ ನೋಡಬೇಕು ಅಂದಳು.

ಡಿಸೆಂಬರ್ 5, ಶುಕ್ರವಾರ

ಬೆಳಗ್ಗೆ ಅವ್ವನಿಗೆ ಎಡಗಣ್ಣು ಸಿಡಿಯತೊಡಗಿತು. ತಲೆನೋವು ಎಂದಳು, ಎರಡು ಸಲ ವಾಂತಿ ಮಾಡಿದಳು. ಸುನಿತಾ ನೀರು ತರಲು ಹೋದಳು, ನಾನು ಯಾರಿಗೆ ಫೋನ್ ಮಾಡಬೇಕೆಂದು ತಿಳಿಯದೆ ನಿಂತಿದ್ದೆ. ಅಷ್ಟರಲ್ಲಿ ಅವ್ವ ಎದ್ದು ನಡೆದಳು. ಐವತ್ತೈದು ವರ್ಷ ನಡೆದ ಮನೆ, ಕಣ್ಣು ಕಾಣದಿದ್ದರೂ ಕಾಲಿಗೆ ದಾರಿ ಗೊತ್ತು. ನೆಟ್ಟಗೆ ನಡುವಿನ ಬಾಗಿಲಿಗೆ ಹೋದಳು. ಅಲ್ಲಿ ಗೋಡೆಯಿದೆ ಎಂಬುದು ಅವಳ ಕಾಲಿಗೆ ಗೊತ್ತಿರಲಿಲ್ಲ. ಹಣೆ ಬಡಿಯಿತು. ಎರಡೂ ಅಂಗೈಯಿಂದ ಇಟ್ಟಿಗೆಯನ್ನು ತಟ್ಟುತ್ತ, "ನಾಗ್ಯಾ, ಬಾಗಲಾ ತಗಿಯೋ" ಅಂದಳು.

ಆಚೆಯಿಂದ ಕೂಡಲೇ ಅವನ ದನಿ ಬಂತು. "ಅವ್ವಾ? ಯಾಕ?"

ಅವಳಿಗೆ ಹೇಳಲಾಗಲಿಲ್ಲ. ನಾನೇ ಹೇಳಿದೆ. "ಕಣ್ಣು ನೋಯಾಕತ್ತೈತಿ. ವಾಂತಿ ಮಾಡ್ಯಾಳ."

"ಯಾವ ಕಣ್ಣು?"

"ಎಡಗಣ್ಣು."

"ಗಾಡಿ ಕರಸ್ತೀನಿ. ನೀ ಆಕಿನ್ನ ಸಂದಿ ಬಾಯಿಗಿ ಕರ್ಕೊಂಡು ಬಾ."

ಇದನ್ನು ಮಾತಾಡಿದ್ದು ಅನ್ನಲಾಗದು. ತಿಳಿಸಬೇಕಾದದ್ದನ್ನು ತಿಳಿಸಿದೆ, ಅಷ್ಟೆ. ಸಂದಿಯಲ್ಲಿ ಅವ್ವನಿಗೆ ನಡೆಯಲಾಗಲಿಲ್ಲ. ಎತ್ತಿಕೊಂಡೆ. ಇಷ್ಟು ಹಗುರ ಇದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಅರ್ಧ ದಾರಿಗೆ ನಾಗಣ್ಣ ಬಂದು ಕಾಲ ಕಡೆ ಹಿಡಿದ. ಬಾಡಿಗೆ ಗಾಡಿಯಲ್ಲಿ ಅವ್ವನ ತಲೆ ಅವನ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಯಾದಗಿರಿಯವರೆಗೆ ಇಬ್ಬರೂ ಕಿಟಕಿಯ ಹೊರಗೆ ನೋಡಿದೆವು.

ಡಿಸೆಂಬರ್ 6, ಶನಿವಾರ

ಎಡಗಣ್ಣು ಹೋಯಿತು.

ಒತ್ತಡ ಇಳಿಸಿದ್ದಾರೆ, ನೋವು ಕಡಿಮೆಯಾಗಿದೆ, ಆದರೆ ಒಳಗಿನ ನರ ಸತ್ತಿದೆಯಂತೆ. ಇನ್ನು ಆಪರೇಷನ್ ಮಾಡಿದರೂ ನೋಟ ಬರುವುದಿಲ್ಲ. ಹತ್ತು ದಿನ ಮೊದಲು ಬಂದಿದ್ದರೆ ಎಂದು ಶುರುಮಾಡಿದ ಡಾಕ್ಟರು ನಮ್ಮ ಮುಖ ನೋಡಿ ಅಲ್ಲಿಗೇ ಬಿಟ್ಟರು. ಹತ್ತು ದಿನ ಮೊದಲು ನಾನು ಇನ್ನೂ ಬಿಳಿಯೋ ಬೂದಿಯೋ ಎಂದು ನೋಡುತ್ತಿದ್ದೆ.

ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಇಬ್ಬರೇ ಕೂತಿದ್ದೆವು. ಅಣ್ಣ ಅಂಗಿಯ ಕಿಸೆಯಿಂದ ಒಂದು ಚೀಟಿ ತೆಗೆದು ನನ್ನ ಕೈಗಿಟ್ಟ. ಇದೇ ಡಾಕ್ಟರರ ಕೈಬರಹ, ಅಕ್ಟೋಬರ್ ಮೂವತ್ತರ ತಾರೀಖು. "ನನಗೂ ಹೇಳಿದ್ರೋ, ವಿಶ್ಯಾ. ಅಮಾಸಿ ಇಪ್ಪತ್ತು ದಿನ ಐತಿ, ನಿನ್ನ ಪಾಳ್ಯಾಗ ಆಗಲಿ ಅಂತ ಕುಂತೆ" ಅಂದ.

ಅವನನ್ನು ಬೈಯಬೇಕಿತ್ತು. ಆರು ವರ್ಷದಿಂದ ಅದಕ್ಕೇ ಕಾಯುತ್ತಿದ್ದೆ. ಬೈಯುವ ಬದಲು ಅತ್ತೆ. ಅವನೂ ಅತ್ತ. ನರ್ಸು ಬಂದು, ಇಲ್ಲಿ ಹೀಗೆ ಕೂರಬೇಡಿ, ಪೇಶಂಟುಗಳು ಹೆದರುತ್ತಾರೆ ಎಂದು ಎಬ್ಬಿಸಿ ಕಳಿಸಿದಳು.

ಡಿಸೆಂಬರ್ 11, ಗುರುವಾರ

ಬಲಗಣ್ಣಿನ ಆಪರೇಷನ್ ಆಯಿತು. ಒಳ್ಳೆಯದಾಗಿದೆ ಎಂದರು.

ಬರುವಾಗ ಅಣ್ಣ, ನಿನ್ನ ಗಾಡಿ ಯಾವಾಗ ಬರುತ್ತದೆ ಎಂದು ಕೇಳಿದ. ಇಪ್ಪತ್ತೆರಡಕ್ಕೆ ಎಂದೆ. ಎಲ್ಲಿ ನಿಲ್ಲಿಸುತ್ತೀ ಎಂದ. ನೋಡಬೇಕು ಎಂದೆ. ಕೊಟ್ಟಿಗೆಯಲ್ಲಿ ನಿಲ್ಲಿಸು ಎಂದ. ಬಾಡಿಗೆ ಕೊಡುತ್ತೇನೆ ಎಂದೆ. ಎತ್ತುಗಳ ಹತ್ತಿರ ಎಂದೂ ಬಾಡಿಗೆ ತೆಗೆದುಕೊಂಡಿಲ್ಲ, ಗಾಡಿಯ ಹತ್ತಿರ ಏನು ತೆಗೆದುಕೊಳ್ಳಲಿ ಎಂದ. ಆಮೇಲೆ ಯಾವ ಗಾಡಿ, ಎಷ್ಟು ಓಡುತ್ತದೆ, ಹೊಲದ ದಾರಿಗೆ ಆಗುತ್ತದೆಯೇ ಎಂದು ಮನೆ ಮುಟ್ಟುವವರೆಗೂ ಅದೇ ಮಾತು. ಕಣ್ಣಿನ ಮಾತು ಇಬ್ಬರೂ ಎತ್ತಲಿಲ್ಲ. ಹಿಂದಿನ ಸೀಟಿನಲ್ಲಿ ಅವ್ವ ಪಟ್ಟಿ ಕಟ್ಟಿಕೊಂಡು ಕೇಳುತ್ತಿದ್ದಳು.

ಡಿಸೆಂಬರ್ 16, ಮಂಗಳವಾರ

ನಾಲ್ಕು ದಿನದಿಂದ ಅಂಗಡಿಯ ಕಡೆ ಹೋಗಿಲ್ಲ. ಕೊಟ್ಟಿಗೆಯ ಕೆಲಸ. ನಾನೂ ಅಣ್ಣನೂ ತೊಗರಿಕಟ್ಟಿಗೆ ಹೊರಹಾಕಿದೆವು, ಬಂಡಿ ಬಿಚ್ಚಿದೆವು, ನೆಲಕ್ಕೆ ಶಹಾಬಾದ್ ಕಲ್ಲು ಹಾಕಿಸಿದೆವು. ಅಣ್ಣ ತಾನೇ ಏಣಿ ಹತ್ತಿ ಸುಣ್ಣ ಬಳಿದ, ಐವತ್ತೈದರ ವಯಸ್ಸಿನಲ್ಲಿ. ಇಳಿ ಎಂದರೆ ಇಳಿಯಲಿಲ್ಲ. ಕರೀಮ ನನ್ನ ಮೀಟರಿನಿಂದ ಗೋಡೆಯ ಮೇಲೆ ಪೈಪು ಹಾಯಿಸಿ ವೈರು ತಂದ, ಎರಡು ಲೈಟು ಹಾಕಿದ, ಚಾರ್ಜಿನ ಪ್ಲಗ್ಗು ಕೂರಿಸಿದ. ಅವನಿಗೆ ಎರಡು ಸಲ ಚಹಾ ಕೊಟ್ಟೆ. ಇಲಿ ಬರಬಾರದೆಂದು ತೂತುಗಳಿಗೆಲ್ಲ ಸಿಮೆಂಟು. ಬಿಸಿಲು ಬೀಳಬಾರದೆಂದು ಪಶ್ಚಿಮಕ್ಕೆ ತಟ್ಟಿ. ಕೈ ಬಿಡುವಾದರೆ ಏನೇನೋ ನೆನಪಾಗುತ್ತದೆ, ಅದಕ್ಕೇ ಕೈ ಬಿಡುವಾಗದಂತೆ ಇಬ್ಬರೂ ನೋಡಿಕೊಂಡೆವು.

ಹನಿ ದಿನಕ್ಕೆ ನಾಲ್ಕು ಸಲ. ಮಧ್ಯಾಹ್ನದ್ದನ್ನು ಬಸವೇಶ್ವರಿ ಅತ್ತಿಗೆ ಬಂದು ಹಾಕುತ್ತಾರೆ. ಸಂದಿ ದಾಟಿ ಒಳಗೇ ಬರುತ್ತಾರೆ.

ಡಿಸೆಂಬರ್ 19, ಶುಕ್ರವಾರ, ಎಳ್ಳ ಅಮಾವಾಸ್ಯೆ

ಇವತ್ತು ಅವ್ವನ ಪಾಳಿ ಅಣ್ಣನ ಮನೆಗೆ. ಭೂಮಿತಾಯಿಗೆ ಎಡೆ ಮಾಡಿ ಹೊಲಕ್ಕೆ ಚರಗ ಚೆಲ್ಲಲು ಸುನಿತಾ, ಅತ್ತಿಗೆ, ಮಗಳು ಭಜ್ಜಿ ಸಜ್ಜೆರೊಟ್ಟಿ ಕಟ್ಟಿಕೊಂಡು ಟಂಟಂ ಆಟೋದಲ್ಲಿ ಹೋದರು. ಕಣ್ಣಿಗೆ ಧೂಳು ಬೇಡವೆಂದು ಅವ್ವ ಹೋಗಲಿಲ್ಲ, ನಾವಿಬ್ಬರೂ ಉಳಿದೆವು. ಟ್ರಂಕು ಅಣ್ಣ ಹೊತ್ತ. ಅವ್ವ ಕಪ್ಪು ಕನ್ನಡಕ ಹಾಕಿಕೊಂಡು, ಗೋಡೆ ಹಿಡಿಯದೆ, ಸಂದಿ ದಾಟಿ ರಸ್ತೆಗೆ ಬಂದಳು. ಬಲಗಣ್ಣು ಕಾಣುತ್ತಿದೆ. ಎದುರಿನ ಮನೆಯ ಬೋರ್ಡು ಓದಿದಳು.

ದೊಡ್ಡ ಬಾಗಿಲಿನ ಹತ್ತಿರ ಕೊಟ್ಟಿಗೆ ಕಂಡು ನಿಂತಳು. ಒಳಗೆ ಹೋದಳು. ಕನ್ನಡಕ ತೆಗೆದು ಸುಣ್ಣ ನೋಡಿದಳು, ಲೈಟು ನೋಡಿದಳು, ಕಾಲಿನಿಂದ ಕಲ್ಲು ಸವರಿದಳು. ನಮಗೆ ಹಿಗ್ಗು. ಗಾಡಿ ಹೀಗೆ ಒಳಗೆ ಬರುತ್ತದೆ, ವೈರು ಇಲ್ಲಿಂದ, ಎಂದು ಇಬ್ಬರೂ ಒಟ್ಟಿಗೇ ಹೇಳತೊಡಗಿದೆವು.

"ಇದು ಯಾರ ಪಾಳ್ಯಾಗ ಬರತೈತಿ?" ಎಂದು ಕೇಳಿದಳು.

ಅಣ್ಣ ನಕ್ಕ. "ಜಾಗಾ ನಂದು, ಕರೆಂಟ್ ಅವಂದು."

ಅವ್ವ ಕನ್ನಡಕ ಮತ್ತೆ ಹಾಕಿಕೊಂಡಳು. ಆಮೇಲೆ ಹೇಳಿದಳು, ಸಿಟ್ಟಿನಿಂದ ಅಲ್ಲ, ಅನ್ನಕ್ಕೆ ಉಪ್ಪು ಕಡಿಮೆ ಎನ್ನುವ ಹಾಗೆ. "ಗಾಡಿಗಿ ಇಬ್ಬರೂ ಕೂಡೀರಿ. ನನ್ನ ಕಣ್ಣಿಗಿ ಕೂಡಲಿಲ್ಲ."

ಅಣ್ಣನ ಕೈಯಲ್ಲಿ ಟ್ರಂಕು ಹಾಗೇ ಇತ್ತು. ಅದನ್ನು ಇಲ್ಲೇ ಇಳಿಸು ಎಂದಳು. "ನನ್ನ ಹೊರಸು ಇಲ್ಲೇ ಹಾಕ್ರಿ. ನನಗ ಇನ್ನ ಪಾಳಿ ಬ್ಯಾಡ. ಯಾರಿಗಿ ಬೇಕು, ಅವರು ಇಲ್ಲಿಗಿ ಬರ್ರಿ."

ಊರವರು ಏನಂದಾರು, ತಾಯಿಯನ್ನು ಕೊಟ್ಟಿಗೆಯಲ್ಲಿ ಇಟ್ಟರು ಅಂತಾರೆ ಎಂದು ಅಣ್ಣ ಕೈಮುಗಿದ. ಚಳಿ, ಸೊಳ್ಳೆ, ನೆಲ ಇನ್ನೂ ಹಸಿ ಎಂದು ನಾನು ಹೇಳಿದೆ. ಗಾಡಿಗೆ ಆಗುವ ಜಾಗ ನನಗೆ ಆಗುವುದಿಲ್ಲವೇ ಎಂದು ಕೇಳಿ, ಟ್ರಂಕಿನ ಮೇಲೆ ಕೂತುಬಿಟ್ಟಳು. ಒಂದು ತಾಸು ಬೇಡಿಕೊಂಡೆವು. ಅವ್ವ ಏಳಲಿಲ್ಲ.

ಅವಳು ಮಲಗುವ ಹೊರಸು ನನ್ನ ಮನೆಯಲ್ಲಿತ್ತು. ಅಣ್ಣ ಒಂದು ಕಡೆ ಹಿಡಿದ, ನಾನು ಒಂದು ಕಡೆ. ಸಂದಿಯಲ್ಲಿ ಪಕ್ಕಪಕ್ಕ ಹಿಡಿಸಲಿಲ್ಲ, ಹಿಂದೆ ಮುಂದೆ ಆಗಿ ತಲೆಯ ಮೇಲೆ ಹೊತ್ತು ತಂದೆವು. ದಾರಿಯಲ್ಲಿ ಅಣ್ಣ ಒಂದೇ ಮಾತು ಕೇಳಿದ, ನಡುವಿನ ಬಾಗಿಲಿಗೆ ಕಟ್ಟಿಸಿದ ಇಟ್ಟಿಗೆ ಎಷ್ಟು ದಿನದಲ್ಲಿ ಬಿಚ್ಚಬಹುದು ಎಂದು. ನಾಳೆ ಗೌಂಡಿಯನ್ನು ಕರೆಯೋಣ ಎಂದೆ.

ನಾಲ್ಕು ಗಂಟೆಗೆ ಹನಿಯ ಹೊತ್ತಾಯಿತು. ಅವ್ವ ಹೊರಸಿನ ಮೇಲೆ ಅಂಗಾತ ಮಲಗಿ ಕಾಯುತ್ತಿದ್ದಳು. ಅಣ್ಣ ರೆಪ್ಪೆ ಬಿಡಿಸಿ ಹಿಡಿದ, ನಾನು ಬಾಟಲಿ ಬಗ್ಗಿಸಿದೆ. ಮೊದಲ ಹನಿ ಕೆನ್ನೆಗೆ ಬಿತ್ತು. ಅವಳು ಕಣ್ಣು ಮುಚ್ಚಲಿಲ್ಲ, ಒಂದು ಕಣ್ಣಿನಿಂದ ಒಮ್ಮೆ ನನ್ನನ್ನೂ ಒಮ್ಮೆ ಅಣ್ಣನನ್ನೂ ನೋಡುತ್ತ ಇನ್ನೊಂದು ಹನಿಗೆ ಕಾದಳು.

ಗಾಡಿ ಸೋಮವಾರ ಬರುತ್ತದೆ. ಬೀದಿಯಲ್ಲಿ ನಿಲ್ಲುತ್ತದೆ.